ಬಿಲ್ಲು 64,500, ಚೀಟಿ 65,790: ಹಾಸನದ ಒಂದು ಅಂಗಡಿಯ ಕಾರ್ಡ್ ಚಾರ್ಜ್ ಪ್ರಕರಣ

ಮೇ ತಿಂಗಳ ಒಂದು ಮಧ್ಯಾಹ್ನ ನನ್ನ ಸೋದರಮಾವ ಮತ್ತು ಅವರ ಮಗ ಹಾಸನದ ನಮ್ಮ ಮನೆಗೆ ಬಂದರು. ಮಾವನ ಊರು ಆಲೂರು ತಾಲ್ಲೂಕಿನಲ್ಲಿದೆ. ಹೊಸ ಮನೆ ಕಟ್ಟಿಸಿದ್ದರು. ಗೃಹಪ್ರವೇಶಕ್ಕೆ ಹದಿನೈದು ದಿನ ಉಳಿದಿತ್ತು. ಶುಂಠಿ ಮಾರಿದ ದುಡ್ಡು ಖಾತೆಗೆ ಬಂದಿತ್ತು. ಬೆಳಿಗ್ಗೆಯೇ ಪೇಟೆಗೆ ಬಂದು ಫ್ರಿಜ್, ವಾಷಿಂಗ್ ಮಷೀನ್, ಮಿಕ್ಸಿ, ಇಸ್ತ್ರಿ ಪೆಟ್ಟಿಗೆ ತೆಗೆದುಕೊಂಡಿದ್ದರು. ಸಾಮಾನು ಲಗೇಜ್ ಆಟೋದಲ್ಲಿ ಊರ ಕಡೆ ಹೋಗಿತ್ತು. ಇವರು ಊಟಕ್ಕೆ ಅಂತ ನಮ್ಮಲ್ಲಿಗೆ ಬಂದರು.

ಸಣ್ಣ ಅಂಗಡಿಗಳ ಲೆಕ್ಕ ಬರೆಯುವುದು, ಜಿಎಸ್‌ಟಿ ರಿಟರ್ನ್ ಹಾಕುವುದು ನನ್ನ ಕೆಲಸ. ಬಿಲ್ ಕಂಡರೆ ಕೈ ತಾನಾಗಿ ಹೋಗುತ್ತದೆ. ಬಿಲ್ಲಿನ ಮೊತ್ತ 64,500 ರೂಪಾಯಿ ಇತ್ತು. ಅದಕ್ಕೆ ಎರಡು ಕಾರ್ಡ್ ಚೀಟಿಗಳನ್ನು ಪಿನ್ ಹೊಡೆದಿದ್ದರು. ಒಂದರಲ್ಲಿ 40,800. ಇನ್ನೊಂದರಲ್ಲಿ 24,990. ಕೂಡಿದರೆ 65,790.

"ಮಾವ, 1,290 ರೂಪಾಯಿ ಜಾಸ್ತಿ ಕೊಟ್ಟಿದ್ದೀರಲ್ಲ?"

"ಅದು ಕಾರ್ಡ್ ಚಾರ್ಜ್ ಅಂತೆ ಕಣವ್ವ. ಎರಡು ಪರ್ಸೆಂಟ್. ಕ್ಯಾಶ್ ಕೊಟ್ರೆ ಇಲ್ಲ ಅಂದ್ರು. ಅಷ್ಟು ದುಡ್ಡು ಜೇಬಲ್ಲಿ ಇಟ್ಕೊಂಡು ಬಸ್ಸಲ್ಲಿ ಬರೋಕಾಗತ್ತಾ?"

ಮಾವನ ಹತ್ತಿರ ಇರುವುದು ಕೀಪ್ಯಾಡ್ ಫೋನ್. ಫೋನ್ ಪೇ, ಗೂಗಲ್ ಪೇ ಇಲ್ಲ. ಇರುವುದು ಬ್ಯಾಂಕ್ ಕೊಟ್ಟ ರೂಪೇ ಡೆಬಿಟ್ ಕಾರ್ಡ್. ಅದರಲ್ಲಿ 40,000 ಕೊಟ್ಟರು. ಉಳಿದ 24,500 ಮಗನ ಕ್ರೆಡಿಟ್ ಕಾರ್ಡಿನಲ್ಲಿ. ಎರಡಕ್ಕೂ ಒಂದೇ ದರ ಹಾಕಿದ್ದರು. ಡೆಬಿಟ್ ಕಾರ್ಡಿಗೆ 800, ಕ್ರೆಡಿಟ್ ಕಾರ್ಡಿಗೆ 490.

ಇದು ದೊಡ್ಡ ಮೊತ್ತ ಅಲ್ಲ ಎಂದು ಕೆಲವರಿಗೆ ಅನ್ನಿಸಬಹುದು. ಆದರೆ ಮಾವ ಅಂಗಡಿಯಲ್ಲಿ ಅರ್ಧ ಗಂಟೆ ಚೌಕಾಸಿ ಮಾಡಿ ಫ್ರಿಜ್ ಮೇಲೆ ಸಾವಿರ ರೂಪಾಯಿ ಇಳಿಸಿಕೊಂಡಿದ್ದರು. ಅದೇ ಖುಷಿಯಲ್ಲಿ ಬಂದಿದ್ದರು. ಇಳಿಸಿದ್ದು ಪೂರ್ತಿ ಕೌಂಟರಿನಲ್ಲಿ ವಾಪಸ್ ಹೋಗಿತ್ತು. ಅದಕ್ಕಿಂತ ಜಾಸ್ತಿಯೇ ಹೋಗಿತ್ತು.

ಈ ಪ್ರಕರಣವನ್ನು ಬರೆಯಲು ಇನ್ನೊಂದು ಕಾರಣವೂ ಇದೆ. ನಾನು ಅಂಗಡಿಯವರ ಪಕ್ಕ ಕೂತು ಲೆಕ್ಕ ನೋಡುವವಳು. ಅವರ ಕಷ್ಟ ನನಗೆ ಗೊತ್ತು. ಇಲ್ಲಿ ಎರಡೂ ಕಡೆಯ ಲೆಕ್ಕ ನೋಡುವ ಅವಕಾಶ ಸಿಕ್ಕಿತು. ಅಂಗಡಿಯ ಹೆಸರು ಬೇಡ. ಅದೇ ಸಾಲಿನಲ್ಲಿ ಇನ್ನೂ ಅನೇಕರು ಹೀಗೆಯೇ ಮಾಡುತ್ತಾರೆ.

ಮೊದಲು ಈ ಚಾರ್ಜ್ ಅಂದರೆ ಏನು ಎಂದು ನೋಡೋಣ. ನಾವು ಕಾರ್ಡ್ ಉಜ್ಜಿದಾಗ ಅಂಗಡಿಗೆ ಪೂರ್ತಿ ದುಡ್ಡು ಹೋಗುವುದಿಲ್ಲ. ಮಷೀನ್ ಕೊಟ್ಟ ಬ್ಯಾಂಕ್ ಅದರಲ್ಲಿ ಸ್ವಲ್ಪ ಕಡಿದುಕೊಂಡು ಉಳಿದದ್ದನ್ನು ಅಂಗಡಿಯ ಖಾತೆಗೆ ಹಾಕುತ್ತದೆ. ಆ ಕಡಿತಕ್ಕೆ ಎಂಡಿಆರ್ ಎನ್ನುತ್ತಾರೆ, ಅಂದರೆ ಮರ್ಚೆಂಟ್ ಡಿಸ್ಕೌಂಟ್ ರೇಟ್. ಅದರಲ್ಲಿ ಒಂದು ಪಾಲು ಕಾರ್ಡ್ ಕೊಟ್ಟ ಬ್ಯಾಂಕಿಗೆ, ಒಂದು ಪಾಲು ವೀಸಾ, ಮಾಸ್ಟರ್‌ಕಾರ್ಡ್‌ನಂಥ ಕಂಪನಿಗೆ, ಉಳಿದದ್ದು ಮಷೀನ್ ಬ್ಯಾಂಕಿಗೆ. ಇದು ಅಂಗಡಿ ಮತ್ತು ಬ್ಯಾಂಕಿನ ನಡುವಿನ ವ್ಯವಹಾರ. ಗಿರಾಕಿ ಈ ಒಪ್ಪಂದಕ್ಕೆ ಸಹಿ ಹಾಕಿರುವುದಿಲ್ಲ.

ಡೆಬಿಟ್ ಕಾರ್ಡಿನ ವಿಷಯದಲ್ಲಿ ನಿಯಮ ಬಹಳ ಸ್ಪಷ್ಟ. 2013ರ ಸೆಪ್ಟೆಂಬರ್ 17ರಂದೇ ರಿಸರ್ವ್ ಬ್ಯಾಂಕ್ ಒಂದು ಸುತ್ತೋಲೆ ಹೊರಡಿಸಿತ್ತು. ಡೆಬಿಟ್ ಕಾರ್ಡಿನಲ್ಲಿ ಕೊಳ್ಳುವವರಿಂದ ಅಂಗಡಿಯವರು ಇಷ್ಟು ಪರ್ಸೆಂಟ್ ಅಂತ ಶುಲ್ಕ ತೆಗೆದುಕೊಳ್ಳುವುದು ಸರಿಯಲ್ಲ, ಒಪ್ಪಂದದ ಪ್ರಕಾರವೂ ಅದಕ್ಕೆ ಅವಕಾಶವಿಲ್ಲ, ಅಂಥ ಅಂಗಡಿಯ ಜೊತೆ ಬ್ಯಾಂಕ್ ಸಂಬಂಧ ಕಡಿದುಕೊಳ್ಳಬೇಕಾಗುತ್ತದೆ ಎಂಬುದು ಅದರ ತಿರುಳು. 2017ರ ಡಿಸೆಂಬರ್ 6ರ ಸುತ್ತೋಲೆ ಇನ್ನೂ ಮುಂದೆ ಹೋಗಿ ಎಂಡಿಆರ್‌ಗೆ ಮಿತಿ ಹಾಕಿತು. 2018ರ ಜನವರಿ 1ರಿಂದ ಅದು ಜಾರಿಗೆ ಬಂತು. ವರ್ಷಕ್ಕೆ 20 ಲಕ್ಷದವರೆಗೆ ವಹಿವಾಟು ಇರುವ ಅಂಗಡಿಗೆ ಮಷೀನ್ ಮೇಲೆ ಹೆಚ್ಚೆಂದರೆ ಶೇ. 0.40, ಒಂದು ವ್ಯವಹಾರಕ್ಕೆ 200 ರೂಪಾಯಿ ದಾಟುವಂತಿಲ್ಲ. ಅದಕ್ಕಿಂತ ದೊಡ್ಡ ಅಂಗಡಿಗೆ ಶೇ. 0.90, ಅಲ್ಲಿ 1,000 ರೂಪಾಯಿ ದಾಟುವಂತಿಲ್ಲ. ಡೆಬಿಟ್ ಕಾರ್ಡಿನಲ್ಲಿ ಕೊಡುವ ಗಿರಾಕಿಯ ಮೇಲೆ ಅಂಗಡಿಯವರು ಇದನ್ನು ಹೇರದಂತೆ ಬ್ಯಾಂಕುಗಳೇ ನೋಡಿಕೊಳ್ಳಬೇಕು ಎಂದೂ ಅದರಲ್ಲಿ ಬರೆದಿದೆ.

ಮಾವನ ಕಾರ್ಡ್ ರೂಪೇ ಡೆಬಿಟ್ ಆದ್ದರಿಂದ ವಿಷಯ ಇನ್ನೂ ಸುಲಭ. 2019ರಲ್ಲಿ ಪಾವತಿ ವ್ಯವಸ್ಥೆಗಳ ಕಾಯ್ದೆಗೆ 10ಎ ಎಂಬ ಹೊಸ ಕಲಮು ಸೇರಿತು. ಅದರ ಪ್ರಕಾರ ಸರ್ಕಾರ ಗುರುತಿಸಿದ ಕೆಲವು ಪಾವತಿ ವಿಧಾನಗಳಿಗೆ ಬ್ಯಾಂಕ್ ಕೊಡುವವರಿಂದಲೂ ತೆಗೆದುಕೊಳ್ಳುವವರಿಂದಲೂ ಶುಲ್ಕ ವಸೂಲಿ ಮಾಡುವಂತಿಲ್ಲ. ಆ ಪಟ್ಟಿಯಲ್ಲಿ ಇರುವುದು ರೂಪೇ ಡೆಬಿಟ್ ಕಾರ್ಡ್, ಯುಪಿಐ ಮತ್ತು ಯುಪಿಐ ಕ್ಯೂಆರ್ ಕೋಡ್. 2020ರ ಜನವರಿ 1ರಿಂದ ಇವುಗಳಿಗೆ ಎಂಡಿಆರ್ ಸೊನ್ನೆ. ಅಂದರೆ ಮಾವನ 40,000ಕ್ಕೆ ಅಂಗಡಿಯವರು ಬ್ಯಾಂಕಿಗೆ ಒಂದು ರೂಪಾಯಿಯನ್ನೂ ಕೊಡಬೇಕಿರಲಿಲ್ಲ. ಬೇರೆ ಡೆಬಿಟ್ ಕಾರ್ಡ್ ಆಗಿದ್ದರೂ ಹೆಚ್ಚೆಂದರೆ 360 ರೂಪಾಯಿ ಮತ್ತು ಅದರ ಮೇಲಿನ ಜಿಎಸ್‌ಟಿ. ತೆಗೆದುಕೊಂಡಿದ್ದು 800.

ಕ್ರೆಡಿಟ್ ಕಾರ್ಡಿನ ವಿಷಯ ಬೇರೆ. ಇಲ್ಲಿ ತುಂಬ ಜನ ಎಡವುತ್ತಾರೆ. ಮೇಲೆ ಹೇಳಿದ ಮಿತಿ, ಮೇಲೆ ಹೇಳಿದ ಮಾತು, ಎರಡೂ ಡೆಬಿಟ್ ಕಾರ್ಡಿಗೆ ಸಂಬಂಧಿಸಿದವು. ಕ್ರೆಡಿಟ್ ಕಾರ್ಡಿನ ಎಂಡಿಆರ್‌ಗೆ ರಿಸರ್ವ್ ಬ್ಯಾಂಕ್ ಅಂಥ ಮಿತಿ ಹಾಕಿಲ್ಲ. ಬ್ಯಾಂಕ್ ಮತ್ತು ಅಂಗಡಿ ಮಾತಾಡಿಕೊಂಡ ದರವೇ ದರ. ಅದನ್ನು ಗಿರಾಕಿಯಿಂದ ತೆಗೆದುಕೊಳ್ಳಬಹುದಾ ಎಂಬ ಪ್ರಶ್ನೆಗೆ ಉತ್ತರ ಇರುವುದು ಅಂಗಡಿಯವರು ಮಷೀನ್ ತೆಗೆದುಕೊಳ್ಳುವಾಗ ಸಹಿ ಹಾಕಿದ ಒಪ್ಪಂದದಲ್ಲಿ. ಆದ್ದರಿಂದ 800 ಮತ್ತು 490ನ್ನು ಒಂದೇ ತಕ್ಕಡಿಯಲ್ಲಿ ಇಡಬಾರದು ಎಂದು ಮಾವನಿಗೆ ಅಂದೇ ಹೇಳಿದೆ.

ಮಾವ ಸುಮ್ನೆ ಬಿಡೋಣ ಎಂದರು. "ನಾಳೆ ಫ್ರಿಜ್ ಕೆಟ್ರೆ ಅವರ ಹತ್ರಾನೇ ಹೋಗ್ಬೇಕಲ್ಲವ್ವ" ಎಂಬುದು ಅವರ ಮಾತು. ಅದರಲ್ಲಿ ಸತ್ಯ ಇದೆ. ಚಿಕ್ಕ ಊರಿನಲ್ಲಿ ಅಂಗಡಿ ಎಂದರೆ ಒಂದು ಸಂಬಂಧ. ಜಗಳ ಮಾಡುವುದಿಲ್ಲ, ಕೇಳಿ ಮಾತ್ರ ಬರುತ್ತೇನೆ ಎಂದು ಒಪ್ಪಿಸಿದೆ.

ಮಾರನೇ ದಿನ ಮಾವನ ಮಗನ ಜೊತೆ ಹೋದೆ. ಕೌಂಟರಿನ ಹಿಂದೆ ಗೋಡೆಯ ಮೇಲೆ ಒಂದು ಹಾಳೆ ಅಂಟಿಸಿದ್ದರು: "ಕಾರ್ಡ್ ಪೇಮೆಂಟ್‌ಗೆ 2% ಎಕ್ಸ್‌ಟ್ರಾ". ಸಾಹುಕಾರರು ಐವತ್ತು ದಾಟಿದವರು. ಕೂರಿಸಿ ಟೀ ತರಿಸಿದರು. ನಾನು ಬಿಲ್ ಮತ್ತು ಚೀಟಿ ಮುಂದಿಟ್ಟೆ.

"ಮೇಡಂ, ಇದು ನಮ್ಮ ಜೇಬಿಗೆ ಬರೋದಲ್ಲ. ಬ್ಯಾಂಕಿನೋರು ಕಟ್ ಮಾಡ್ತಾರೆ. ಫ್ರಿಜ್‌ನಲ್ಲಿ ನಮಗೆ ಉಳಿಯೋದೇ ನಾಲ್ಕೈದು ಪರ್ಸೆಂಟ್. ಅದರಲ್ಲಿ ಎರಡು ಬ್ಯಾಂಕಿಗೇ ಹೋದ್ರೆ ಅಂಗಡಿ ಬಾಡಿಗೆ ಎಲ್ಲಿಂದ ಕೊಡ್ಲಿ? ಆನ್‌ಲೈನ್ ರೇಟ್ ಬೇರೆ ತೋರಿಸ್ತಾರೆ ಎಲ್ಲರೂ."

ಅವರು ಸುಳ್ಳು ಹೇಳುತ್ತಿರಲಿಲ್ಲ. ಮಷೀನ್ ಹಾಕಿಕೊಡಲು ಬಂದ ಹುಡುಗ "ಎರಡು ಪರ್ಸೆಂಟ್ ಹೋಗುತ್ತೆ" ಎಂದು ಹೇಳಿದ್ದನಂತೆ. ಅಂದಿನಿಂದ ಎಲ್ಲ ಕಾರ್ಡಿಗೂ ಅದೇ. ದಿನದ ಕೊನೆಗೆ ಖಾತೆಗೆ ಒಟ್ಟು ಮೊತ್ತ ಬಂದು ಬೀಳುತ್ತದೆ. ಯಾವ ಕಾರ್ಡಿಗೆ ಎಷ್ಟು ಕಡಿದರು ಎಂದು ಪಾಸ್‌ಬುಕ್ಕಿನಲ್ಲಿ ಕಾಣುವುದಿಲ್ಲ.

"ನಿಮ್ಮ ಮಷೀನ್ ಸ್ಟೇಟ್‌ಮೆಂಟ್ ಯಾವತ್ತಾದರೂ ನೋಡಿದ್ದೀರಾ?" ಎಂದು ಕೇಳಿದೆ. ಇಮೇಲಿಗೆ ಬರುತ್ತದೆ, ತೆರೆದು ನೋಡಿಲ್ಲ ಎಂದರು. ಅವರ ಮಗಳು ಮೊಬೈಲಿನಲ್ಲೇ ಹುಡುಕಿ ಏಪ್ರಿಲ್ ತಿಂಗಳ ಸ್ಟೇಟ್‌ಮೆಂಟ್ ತೆಗೆದಳು. ಎಲ್ಲರೂ ಕೂತು ನೋಡಿದೆವು. ಈ ಪ್ರಕರಣದ ಜೀವಾಳ ಆ ಒಂದು ಗಂಟೆ. ಅವರ ಒಪ್ಪಿಗೆ ಪಡೆದು ಅಂಕಿಗಳನ್ನು ಸಾವಿರಕ್ಕೆ ಸರಿಮಾಡಿ ಇಲ್ಲಿ ಕೊಡುತ್ತಿದ್ದೇನೆ.

ಏಪ್ರಿಲ್‌ನಲ್ಲಿ ಅಂಗಡಿಯ ಒಟ್ಟು ಮಾರಾಟ 22 ಲಕ್ಷ. ಅದರಲ್ಲಿ ಕಾರ್ಡಿನಲ್ಲಿ ಬಂದದ್ದು 6,20,000. ಉಳಿದದ್ದು ನಗದು, ಯುಪಿಐ ಮತ್ತು ಫೈನಾನ್ಸ್ ಕಂಪನಿಗಳ ಕಂತು. ಕಾರ್ಡಿನ ಮೊತ್ತದಲ್ಲಿ ರೂಪೇ ಡೆಬಿಟ್ 1,90,000. ಅದರ ಎದುರು ಕಡಿತದ ಕಾಲಂನಲ್ಲಿ ಸೊನ್ನೆ. ಬೇರೆ ಡೆಬಿಟ್ ಕಾರ್ಡುಗಳು 1,80,000. ಶೇ. 0.90ರಂತೆ ಕಡಿತ 1,620. ಕ್ರೆಡಿಟ್ ಕಾರ್ಡ್ 2,50,000. ಶೇ. 1.8ರಂತೆ ಕಡಿತ 4,500. ಎಲ್ಲ ಸೇರಿ 6,120 ರೂಪಾಯಿ. ಮಷೀನ್ ಬಾಡಿಗೆ 400. ಇವುಗಳ ಮೇಲೆ ಶೇ. 18 ಜಿಎಸ್‌ಟಿ ಇದೆ, ಆದರೆ ಇವರು ರೆಗ್ಯುಲರ್ ಜಿಎಸ್‌ಟಿಯಲ್ಲಿ ಇರುವುದರಿಂದ ಅದನ್ನು ಇನ್‌ಪುಟ್ ಕ್ರೆಡಿಟ್ ಆಗಿ, ಅಂದರೆ ತಾವು ಕಟ್ಟಬೇಕಾದ ಜಿಎಸ್‌ಟಿಯಲ್ಲಿ ಕಳೆದು, ವಾಪಸ್ ಪಡೆಯಬಹುದು. ಅವರು ಅದನ್ನೂ ಪಡೆದಿರಲಿಲ್ಲ.

ಗಿರಾಕಿಗಳಿಂದ ಶೇ. 2 ಎಂದು ಅದೇ ತಿಂಗಳು ತೆಗೆದುಕೊಂಡಿದ್ದು ಸುಮಾರು 12,400.

ಸಾಹುಕಾರರು ಬಹಳ ಹೊತ್ತು ಮಾತಾಡಲಿಲ್ಲ. ಆಮೇಲೆ "ರೂಪೇಗೆ ಏನೂ ಕಟ್ ಆಗಲ್ವಾ?" ಎಂದು ಎರಡು ಸಲ ಕೇಳಿದರು. ಅವರ ಗಿರಾಕಿಗಳಲ್ಲಿ ರೂಪೇ ಕಾರ್ಡ್ ತರುವವರು ಹೆಚ್ಚಾಗಿ ಹಳ್ಳಿಯವರು. ಜನಧನ್ ಖಾತೆ ಇರುವವರು, ಹಾಲಿನ ದುಡ್ಡು, ಪಿಂಚಣಿ ಬರುವವರು. ಬ್ಯಾಂಕ್ ಕಡಿಯುವುದಕ್ಕಿಂತ ಹೆಚ್ಚಿಗೆ ಹೋಗುತ್ತಿದ್ದದ್ದು ಇವರಿಂದಲೇ ಅತಿ ಜಾಸ್ತಿ. ನನ್ನ ಮನಸ್ಸಿಗೆ ನಾಟಿದ್ದು ಇದೇ. ಪೇಟೆಯವರು ಕ್ರೆಡಿಟ್ ಕಾರ್ಡ್ ಕೊಟ್ಟು ಪಾಯಿಂಟ್ ಗಳಿಸುತ್ತಾರೆ. ಆಲೂರಿನಿಂದ ಬಂದ ರೈತ ತನ್ನದೇ ಖಾತೆಯ ದುಡ್ಡು ಕೊಟ್ಟು, ಪಾಯಿಂಟ್ ಪಡೆದವರಷ್ಟೇ ಚಾರ್ಜನ್ನೂ ಕಟ್ಟುತ್ತಾನೆ.

ಇನ್ನೊಂದು ಲೆಕ್ಕವನ್ನೂ ಮಾಡಿ ತೋರಿಸಿದೆ. ತಿಂಗಳ ಕಾರ್ಡ್ ಖರ್ಚು ಬಾಡಿಗೆ ಸೇರಿ 6,520. ಅದನ್ನು 22 ಲಕ್ಷದ ಮಾರಾಟಕ್ಕೆ ಹಂಚಿದರೆ ನೂರು ರೂಪಾಯಿಗೆ 30 ಪೈಸೆ. ಮಾವ ತೆಗೆದುಕೊಂಡ 32,500ರ ಫ್ರಿಜ್ ಮೇಲೆ ನೂರು ರೂಪಾಯಿ ಕೂಡ ಆಗುವುದಿಲ್ಲ. ಅಂಗಡಿಯ ಕರೆಂಟ್ ಬಿಲ್ ಅದಕ್ಕಿಂತ ಜಾಸ್ತಿ. ಕರೆಂಟಿಗೆ ಅಂತ ಯಾರೂ ಗಿರಾಕಿಯಿಂದ ಬೇರೆ ಕೇಳುವುದಿಲ್ಲ ಅಲ್ವಾ? ಅದು ಬೆಲೆಯಲ್ಲೇ ಇರುತ್ತದೆ. ಕಾರ್ಡ್ ಖರ್ಚೂ ಅಲ್ಲೇ ಇರಬೇಕು ಎಂಬುದು ನನ್ನ ಅಭಿಪ್ರಾಯ. ಹಾಗೆ ಮಾಡಿದರೆ ನಗದು ಕೊಡುವವರೂ ಆ 30 ಪೈಸೆ ಹೊರಬೇಕಾಗುತ್ತದೆ ಎಂಬ ವಾದ ಇದೆ. ಅದು ನಿಜವಾದ ವಾದವೇ. ಆದರೆ ನಗದು ಎಣಿಸಿ, ಕಾಪಾಡಿ, ಬ್ಯಾಂಕಿಗೆ ಕಟ್ಟುವುದಕ್ಕೂ ಖರ್ಚು ಇದೆ. ಅದನ್ನು ಕಾರ್ಡಿನವರೂ ಹೊರುತ್ತಿದ್ದಾರೆ.

ನಗದಿಗೆ ರಿಯಾಯಿತಿ ಕೊಡಲೇಬೇಕು ಎಂದಿದ್ದರೆ ದಾರಿ ಬೇರೆ. ಎಲ್ಲರಿಗೂ ಒಂದೇ ಬೆಲೆ ಹೇಳಿ, ರಿಯಾಯಿತಿಯನ್ನು ಬಿಲ್ಲಿನಲ್ಲೇ ಬರೆದು ಕಳೆಯಬೇಕು. ಬಿಲ್ಲಿನಲ್ಲಿ ಕಾಣಿಸಿದ ರಿಯಾಯಿತಿಗೆ ಜಿಎಸ್‌ಟಿಯೂ ಬೀಳುವುದಿಲ್ಲ. ಕೊನೆಯ ಗಳಿಗೆಯಲ್ಲಿ, ಕಾರ್ಡ್ ಕೈಯಲ್ಲಿ ಹಿಡಿದವನ ಮುಂದೆ ಮೊತ್ತ ಏರಿಸುವುದು ಅಂಥದ್ದಲ್ಲ.

ಸಾಹುಕಾರರಿಗೆ ನಿಜವಾಗಿ ಗಾಬರಿ ಆದದ್ದು ಜಿಎಸ್‌ಟಿ ವಿಷಯ ಹೇಳಿದಾಗ. ಗಿರಾಕಿಯಿಂದ ಸಾಮಾನಿನ ಜೊತೆಗೆ ಕಮಿಷನ್, ಪ್ಯಾಕಿಂಗ್‌ನಂಥ ಹೆಚ್ಚುವರಿ ಏನೇ ತೆಗೆದುಕೊಂಡರೂ ಅದು ಮಾರಾಟದ ಮೌಲ್ಯದ ಭಾಗ ಎಂದು ಸಿಜಿಎಸ್‌ಟಿ (ಕೇಂದ್ರ ಜಿಎಸ್‌ಟಿ) ಕಾಯ್ದೆಯ 15ನೇ ಕಲಮು ಹೇಳುತ್ತದೆ. ಆ 1,290 ಬಿಲ್ಲಿನಲ್ಲಿ ಇಲ್ಲ, ಆದರೆ ಬ್ಯಾಂಕಿನ ದಾಖಲೆಯಲ್ಲಿ ಇದೆ. ಈ ಸಾಮಾನುಗಳಿಗೆಲ್ಲ ಜಿಎಸ್‌ಟಿ ಶೇ. 18. ಲೆಕ್ಕ ಹಾಕಿದರೆ ಸುಮಾರು 197 ರೂಪಾಯಿ ತೆರಿಗೆ ಕಟ್ಟದೆ ಉಳಿದಿದೆ. ಇದು ಒಂದು ಬಿಲ್ಲಿನ ಕಥೆ. ತಿಂಗಳಿಗೆ 12,400 ಎಂದರೆ ವರ್ಷಕ್ಕೆ ಎಷ್ಟು? ತೆರಿಗೆ ಅಧಿಕಾರಿ ಬ್ಯಾಂಕ್ ಜಮೆಯನ್ನೂ ಬಿಲ್ಲಿನ ಮೊತ್ತವನ್ನೂ ಪಕ್ಕಪಕ್ಕ ಇಟ್ಟರೆ ಉತ್ತರ ಕೊಡುವುದು ಕಷ್ಟ. ನನ್ನ ಹತ್ತಿರ ಬರುವ ಅಂಗಡಿಯವರಿಗೆ ನಾನು ಮೊದಲು ಹೇಳುವುದೇ ಇದನ್ನು.

ಇಸ್ತ್ರಿ ಪೆಟ್ಟಿಗೆಯ ವಿಷಯ ಚಿಕ್ಕದು, ಆದರೂ ಹೇಳಬೇಕು. ಬೇರೆ ಮೂರು ಸಾಮಾನನ್ನು ಎಂಆರ್‌ಪಿಗಿಂತ ಕಡಿಮೆಗೆ ಕೊಟ್ಟಿದ್ದರು. ಇದನ್ನು ಮಾತ್ರ ಡಬ್ಬಿಯ ಮೇಲಿನ 1,450ಕ್ಕೇ ಕೊಟ್ಟಿದ್ದರು. ಅದರ ಮೇಲೆ ಶೇ. 2 ಎಂದರೆ 29 ರೂಪಾಯಿ ಎಂಆರ್‌ಪಿಗಿಂತ ಜಾಸ್ತಿ. ಪ್ಯಾಕ್ ಮಾಡಿದ ಸಾಮಾನನ್ನು ಅದರ ಮೇಲೆ ಬರೆದ ಬೆಲೆಗಿಂತ ಹೆಚ್ಚಿಗೆ ಮಾರುವಂತಿಲ್ಲ ಎಂದು 2011ರ ಕಾನೂನು ಮಾಪನ ನಿಯಮಗಳಲ್ಲಿದೆ. ಕಾರ್ಡ್ ಯಾವುದೇ ಇರಲಿ, ಈ 29 ತಪ್ಪೇ.

ಮಾವನ 800 ರೂಪಾಯಿಯನ್ನು ಅವರು ಅವತ್ತೇ ಮಾವನ ಖಾತೆಗೆ ಕಳಿಸಿದರು. ನಗದು ಕೊಡಲು ಬಂದರು, ನಾನು ಬೇಡ ಎಂದೆ. ದುಡ್ಡು ಹೋದ ದಾರಿಯಲ್ಲೇ ವಾಪಸ್ ಬಂದರೆ ಇಬ್ಬರಿಗೂ ದಾಖಲೆ ಇರುತ್ತದೆ. ಕಾರ್ಡ್ ಉಜ್ಜಿದ ದಿನವೇ, ಮಷೀನ್ ಸೆಟ್ಲ್‌ಮೆಂಟ್ ಆಗುವ ಮುಂಚೆ, ಅಂದರೆ ದಿನದ ಲೆಕ್ಕ ಬ್ಯಾಂಕಿಗೆ ಹೋಗುವ ಮುಂಚೆ ಕೇಳಿದ್ದರೆ ಮಷೀನಿನಲ್ಲೇ ಆ ವ್ಯವಹಾರ ರದ್ದು ಮಾಡಿ ಸರಿ ಮೊತ್ತಕ್ಕೆ ಮತ್ತೆ ಉಜ್ಜಬಹುದಿತ್ತು.

490ರ ವಿಷಯದಲ್ಲಿ ಒಪ್ಪಲಿಲ್ಲ. "ಕ್ರೆಡಿಟ್ ಕಾರ್ಡಿಗೆ ನನಗೆ ಕಟ್ ಆಗಿದೆ, ನೀವೇ ನೋಡಿದ್ರಲ್ಲ" ಎಂದರು. ಅವರಿಗೆ ಆದ ಕಡಿತ ಸುಮಾರು 450. ಅವರ ಮಾತಿಗೆ ಆಧಾರ ಇತ್ತು. ನಿಮ್ಮ ಒಪ್ಪಂದದ ಕಾಗದ ಎಲ್ಲಿ ಎಂದು ಕೇಳಿದೆ. ಮನೆಯಲ್ಲಿ ಎಲ್ಲೋ ಇರಬೇಕು ಎಂದರು. ಜಗಳ ಬೇಡ, ಬ್ಯಾಂಕನ್ನೇ ಕೇಳೋಣ ಎಂದು ಇಬ್ಬರೂ ಒಪ್ಪಿದೆವು.

ಯಾವ ಬ್ಯಾಂಕ್ ಎಂದು ಚೀಟಿಯ ತಲೆಯಲ್ಲೇ ಇರುತ್ತದೆ. ಅಂಗಡಿಯ ನಂಬರ್ ಎಂಐಡಿ ಎಂದೂ ಮಷೀನಿನ ನಂಬರ್ ಟಿಐಡಿ ಎಂದೂ ಇರುತ್ತದೆ. ಕಾರ್ಡ್ ರೂಪೇನಾ ವೀಸಾನಾ ಎಂಬುದೂ ಅದರಲ್ಲಿದೆ. ಆದ್ದರಿಂದಲೇ ಆ ಚೀಟಿಯನ್ನು ಬಿಸಾಡಬೇಡಿ ಎಂದು ನಾನು ಎಲ್ಲರಿಗೂ ಹೇಳುವುದು. ಅದರ ಅಕ್ಷರ ಕೆಲವೇ ತಿಂಗಳಲ್ಲಿ ಮಾಸುತ್ತದೆ, ಫೋಟೋ ತೆಗೆದಿಟ್ಟುಕೊಳ್ಳಿ. ಮಾವನ ಮಗ ಬ್ಯಾಂಕಿಗೆ ಒಂದು ಪುಟದ ಪತ್ರ ಬರೆದ. ಬಿಲ್ಲಿನ ಮೊತ್ತ, ಚೀಟಿಯ ಮೊತ್ತ, ವ್ಯತ್ಯಾಸ, ದಿನಾಂಕ. ಬೈಗುಳ ಇಲ್ಲ, ಉದ್ದ ಕಥೆ ಇಲ್ಲ. ಬಿಲ್ ಮತ್ತು ಚೀಟಿಯ ನಕಲು ಲಗತ್ತಿಸಿದ. ಶಾಖೆಯಲ್ಲಿ ಕೊಟ್ಟು ಇನ್ನೊಂದು ಪ್ರತಿಯ ಮೇಲೆ ಸೀಲ್ ಹಾಕಿಸಿಕೊಂಡ.

ರಿಸರ್ವ್ ಬ್ಯಾಂಕ್ ಇದರಲ್ಲಿ ಅಂಗಡಿಯವರಿಗೆ ನೇರವಾಗಿ ಏನೂ ಮಾಡುವುದಿಲ್ಲ. ಅದರ ಆದೇಶ ಬ್ಯಾಂಕುಗಳಿಗೆ. ಬ್ಯಾಂಕ್ ಅಂಗಡಿಗೆ ಹೇಳಬೇಕು, ಕೇಳದಿದ್ದರೆ ಮಷೀನ್ ವಾಪಸ್ ಪಡೆಯಬೇಕು. ಹಾಗಾಗಿ ಬ್ಯಾಂಕ್ 30 ದಿನವಾದರೂ ಉತ್ತರ ಕೊಡದಿದ್ದರೆ ಓಂಬುಡ್ಸ್‌ಮನ್ ಬಳಿ, ಅಂದರೆ ಬ್ಯಾಂಕುಗಳ ಮೇಲಿನ ದೂರು ಕೇಳುವ ರಿಸರ್ವ್ ಬ್ಯಾಂಕಿನ ಅಧಿಕಾರಿಯ ಬಳಿ, ಒಯ್ಯುವ ದೂರು ಬ್ಯಾಂಕಿನ ಮೇಲೆಯೇ. 2021ರ ನವೆಂಬರ್ 12ರಿಂದ ಬ್ಯಾಂಕುಗಳ ಮೇಲಿನ ದೂರಿಗೆ ಒಂದೇ ಕಡೆ ವ್ಯವಸ್ಥೆ ಆಗಿದೆ. ಸಹಾಯಕ್ಕೆ 14448ಕ್ಕೆ ಫೋನ್ ಮಾಡಬಹುದು. ಅಂಗಡಿಯ ಮೇಲೆಯೇ ದೂರು ಎಂದಾದರೆ ಗ್ರಾಹಕ ಸಹಾಯವಾಣಿ 1915, ಅದೂ ಆಗದಿದ್ದರೆ ಜಿಲ್ಲಾ ಗ್ರಾಹಕ ಆಯೋಗ. ಸಾಮಾನಿಗೆ ಕೊಟ್ಟ ಬೆಲೆ 5 ಲಕ್ಷದೊಳಗೆ ಇದ್ದರೆ ಅಲ್ಲಿ ಶುಲ್ಕ ಇಲ್ಲ. ಮಾವನಿಗೆ ಇದ್ಯಾವುದೂ ಬೇಕಾಗಲಿಲ್ಲ.

ಹನ್ನೆರಡನೇ ದಿನ ಬ್ಯಾಂಕಿನಿಂದ ಉತ್ತರ ಬಂತು. ಈ ಅಂಗಡಿಯ ಜೊತೆ ಆಗಿರುವ ಒಪ್ಪಂದದ ಪ್ರಕಾರ ಯಾವ ಕಾರ್ಡಿನ ಮೇಲೂ ಗಿರಾಕಿಯಿಂದ ಹೆಚ್ಚುವರಿ ತೆಗೆದುಕೊಳ್ಳುವಂತಿಲ್ಲ, ಅಂಗಡಿಗೆ ಈ ಬಗ್ಗೆ ತಿಳಿಸಲಾಗಿದೆ ಎಂದಿತ್ತು. ಅದೇ ಸಂಜೆ ಸಾಹುಕಾರರು ಫೋನ್ ಮಾಡಿದರು. ಒಪ್ಪಂದದ ಕಾಗದ ಸಿಕ್ಕಿತ್ತಂತೆ. ಇಂಗ್ಲಿಷಿನಲ್ಲಿ, ಸಣ್ಣ ಅಕ್ಷರದಲ್ಲಿ, ಹಲವು ಪುಟ. ಆ ಕಲಮನ್ನು ಮಗಳು ಓದಿ ಹೇಳಿದಳಂತೆ. "ಸಹಿ ಹಾಕುವಾಗ ಯಾರೂ ಹೇಳಲಿಲ್ಲ ಮೇಡಂ" ಎಂದರು. ಈ ಮಾತಿನಲ್ಲಿ ನನಗೆ ಅವರ ಮೇಲೆ ಕೋಪ ಬರಲಿಲ್ಲ. ಹಾಸನದಂಥ ಊರಿನಲ್ಲಿ ಮಷೀನ್ ಕೊಡಲು ಬರುವವರು ಒಂದು ಪುಟ ಕನ್ನಡದಲ್ಲಿ ಕೊಟ್ಟಿದ್ದರೆ ಇಷ್ಟೆಲ್ಲ ಆಗುತ್ತಲೇ ಇರಲಿಲ್ಲ. ಯಾವ ಕಾರ್ಡಿಗೆ ಎಷ್ಟು ಕಡಿತ, ಗಿರಾಕಿಯಿಂದ ಏನು ಕೇಳಬಾರದು ಎಂದು ನಾಲ್ಕು ಸಾಲು ಸಾಕು.

ಇಲ್ಲಿ ಓದುವವರಿಗೆ ಪೆಟ್ರೋಲ್ ಬಂಕಿನ ನೆನಪು ಬರಬಹುದು. ಅಲ್ಲಿ ಕ್ರೆಡಿಟ್ ಕಾರ್ಡ್ ಉಜ್ಜಿದರೆ ಸ್ಟೇಟ್‌ಮೆಂಟಿನಲ್ಲಿ ಶೇ. 1ರ ಸರ್‌ಚಾರ್ಜ್ ಕಾಣುತ್ತದೆ. ಅದು ಬ್ಯಾಂಕಿನ ಕಡೆಯಿಂದ ಬೀಳುವುದು. ಎಷ್ಟೋ ಕಾರ್ಡುಗಳಲ್ಲಿ ಒಂದು ಮಿತಿಯೊಳಗೆ ಅದು ಮನ್ನಾ ಆಗುತ್ತದೆ. ಬಂಕಿನ ಹುಡುಗ ಮೊತ್ತಕ್ಕೆ ಸೇರಿಸಿದ್ದಲ್ಲ. ರೈಲ್ವೆ ಟಿಕೆಟ್ ವೆಬ್‌ಸೈಟಿನ ಕನ್ವೀನಿಯನ್ಸ್ ಫೀ ಕೂಡ ಬೇರೆಯದೇ. ಅಲ್ಲಿ ದುಡ್ಡು ಕೊಡುವ ಮುಂಚೆಯೇ ಅದನ್ನು ಬೇರೆ ಸಾಲಿನಲ್ಲಿ ತೋರಿಸುತ್ತಾರೆ. ಇವನ್ನು ತೋರಿಸಿ "ಎಲ್ಲ ಕಡೆ ತಗೋತಾರೆ" ಎನ್ನುವುದು ಸರಿಯಲ್ಲ.

490 ರೂಪಾಯಿಯೂ ಮಾವನ ಮಗನ ಖಾತೆಗೆ ಬಂತು. ಬಿಲ್ಲು 64,500, ಕೊಟ್ಟಿದ್ದೂ 64,500 ಆಯಿತು.

ಅಂಗಡಿಯಲ್ಲಿ ಆ ಹಾಳೆ ಈಗ ಇಲ್ಲ. ಕಾರ್ಡ್ ಖರ್ಚನ್ನು ಬೆಲೆಯಲ್ಲೇ ಸೇರಿಸಿಕೊಂಡಿದ್ದಾರೆ. ಬ್ಯಾಂಕಿಗೆ ಫೋನ್ ಮಾಡಿ ಕ್ರೆಡಿಟ್ ಕಾರ್ಡಿನ ದರ ಇಳಿಸಲು ಕೇಳಿದ್ದಾರೆ. ಹಿಂದಿನ ತಿಂಗಳುಗಳಲ್ಲಿ ಬಿಲ್ಲಿಲ್ಲದೆ ಬಂದ ಮೊತ್ತವನ್ನು ಲೆಕ್ಕ ಹಾಕಿ ರಿಟರ್ನಿನಲ್ಲಿ ತೋರಿಸಿ ತೆರಿಗೆ ಕಟ್ಟಿದರು. ಹಳೆಯ ಗಿರಾಕಿಗಳನ್ನೆಲ್ಲ ಹುಡುಕಿ ವಾಪಸ್ ಕೊಡುವುದು ಅವರಿಂದ ಆಗಲಿಲ್ಲ. ಸುದ್ದಿ ಕೇಳಿ ನಾಲ್ಕು ಜನ ಚೀಟಿ ಹಿಡಿದು ಬಂದಿದ್ದರಂತೆ. ಮೂವರಿಗೆ ಕೊಟ್ಟರು. ನಾಲ್ಕನೆಯವರ ಚೀಟಿಯಲ್ಲಿ ಅಕ್ಷರ ಮಾಸಿಹೋಗಿತ್ತು. ಅವರನ್ನು ಕೂರಿಸಿ, ಮಗಳಿಗೆ ಹೇಳಿ ಏಪ್ರಿಲ್ ಸ್ಟೇಟ್‌ಮೆಂಟಿನಲ್ಲಿ ಕಾರ್ಡಿನ ಕೊನೆಯ ನಾಲ್ಕು ಅಂಕಿ ಹುಡುಕಿಸಿ ಕೊಟ್ಟು ಕಳಿಸಿದರು.